ಒಬ್ಬರ ಪಾಪ ಇನ್ನೊಬ್ಬರು ಹೊರಬಹುದೇ? ಆಕ್ಷೇಪಗಳಿಗೊಂದು ಉತ್ತರ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕ್ರೈಸ್ತರು ಕಡಿಮೆ, ಕ್ರೈಸ್ತರನ್ನು ಪ್ರಶ್ನೆ ಕೇಳುವವರು ಹೆಚ್ಚು. ಇದರಲ್ಲಿ ಬೇಸರಪಡುವಂಥದ್ದೇನಿಲ್ಲ. ನಿಡಸೋಸಿಯ ದುರದುಂಡೀಶ್ವರ ಮಠ, ಮೂಡಲಗಿಯ ಶಿವಬೋಧರಂಗ ಮಠ, ಸಾವಳಗಿಯ ಶಿವಲಿಂಗೇಶ್ವರ ಮಠ, ಇವುಗಳ ನೆರಳಿನಲ್ಲಿ ಬೆಳೆದ ಮಂದಿಗೆ ಪಾಪ, ಪುಣ್ಯ, ಕರ್ಮ, ಕರುಣೆಗಳ ಮಾತು ಹೊಸದಲ್ಲ. ಕಟ್ಟೆಯ ಮೇಲೆ ಕೂತ ಅಜ್ಜನೂ ಅದರ ಮೇಲೆ ತಾಸುಗಟ್ಟಲೆ ವಾದ ಹೂಡಬಲ್ಲ. ಗೋಕಾಕ ತಾಲ್ಲೂಕಿನವರೇ ಆದ ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ ಬರೆದು ಕಾವಿಯನ್ನೇ ತರಾಟೆಗೆ ತೆಗೆದುಕೊಂಡರು. ಇಂಥ ನೆಲದಲ್ಲಿ ಶಿಲುಬೆಯವರು ಮಾತ್ರ ‘ನಮ್ಮನ್ನು ಯಾರೂ ಕೇಳಬಾರದು’ ಅಂದರೆ ನಡೆಯುವುದಿಲ್ಲ.

ಗುಡ್ ಫ್ರೈಡೆ ಬಂತೆಂದರೆ ಪ್ರಶ್ನೆಗಳು ಜೋರಾಗುತ್ತವೆ. ಮಧ್ಯಾಹ್ನ ಮೂರು ತಾಸಿನ ಆರಾಧನೆ, ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ. ಹೊರಗೆ ಬಂದರೆ ಚಹಾದಂಗಡಿಯಲ್ಲಿ ಎಂಟನೆಯ ಪ್ರಸಂಗ ನಮಗಾಗಿ ಕಾದಿರುತ್ತದೆ. ಅಲ್ಲಿ ಕೇಳಿದ ಆಕ್ಷೇಪಗಳನ್ನೂ, ಓದಿದವರು ಎತ್ತುವ ಆಕ್ಷೇಪಗಳನ್ನೂ ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಈ ಬರಹದ ಕೆಲಸ. ಎಲ್ಲಕ್ಕಿಂತ ಕೆಟ್ಟ ಆಕ್ಷೇಪ ಹೊರಗಿನವರದ್ದಲ್ಲ, ನಮ್ಮ ಒಳಗಿನವರದ್ದೇ. ಅದನ್ನು ಮುಂದೆ ಹೇಳುತ್ತೇನೆ.

ನಾವು ಹೇಳುವುದು ಇಷ್ಟೇ. ಮನುಷ್ಯ ತನ್ನ ಪಾಪದಿಂದ ದೇವರಿಗೂ ನೆರೆಯವನಿಗೂ ದೂರವಾದ. ಆ ದೂರ ದಾಟುವುದು ಅವನ ಕೈಲಾಗಲಿಲ್ಲ. ದೇವರೇ ಕ್ರಿಸ್ತನಲ್ಲಿ ಇಳಿದು ಬಂದು ಪಾಪದ ಭಾರವನ್ನೂ ಅದು ತರುವ ಸಾವನ್ನೂ ಶಿಲುಬೆಯ ಮೇಲೆ ಹೊತ್ತ, ಮನುಷ್ಯನನ್ನು ತನ್ನೊಂದಿಗೆ ಸಮಾಧಾನಕ್ಕೆ ತಂದ. ಇದನ್ನೇ ಪ್ರಾಯಶ್ಚಿತ್ತ ಅನ್ನುತ್ತೇವೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಶುರುಮಾಡಿದಾಗಲೂ, 1904ರಲ್ಲಿ ಅದು ಮೆಥೊಡಿಸ್ಟರ ಕೈಗೆ ಹೋದ ಮೇಲೂ ಸಾರಿದ್ದು ಇದನ್ನೇ.

ಮೊದಲ ಆಕ್ಷೇಪ, ಇದು ಪಾಪಕ್ಕೆ ಪರವಾನಗಿ ಎಂಬುದು. ‘ವಾರವಿಡೀ ಮಾಡೂದ ಮಾಡಿ, ಆದಿತ್ಯವಾರ ಬಂದು ಕಣ್ಣೀರ ಹಾಕಿದ್ರ ಮುಗೀತು. ಭಾಳ ಸಸ್ತಾ ಐತ್ರಿ ನಿಮ್ಮ ಧರ್ಮ.’ ಈ ಮಾತನ್ನು ನಗುತ್ತ ಹೇಳುತ್ತಾರೆ, ಆದರೆ ತಮಾಷೆಗೆ ಹೇಳುವುದಲ್ಲ. ಇದೇ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಗಾಂಧೀಜಿ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದವರು, 1937ರಲ್ಲಿ ಗಂಗಾಧರರಾವ್ ದೇಶಪಾಂಡೆಯವರ ಹುದಲಿಗೆ ಬಂದು ಉಳಿದವರು, ನಮ್ಮ ಸೀಮೆಗೆ ಅಪರಿಚಿತರಲ್ಲ. ಅವರ ಆತ್ಮಕಥೆಯಲ್ಲಿ ಪ್ರಿಟೋರಿಯಾದ ಪ್ರಸಂಗವೊಂದಿದೆ. ಪ್ಲಿಮತ್ ಬ್ರದರನ್ ಪಂಥದ ಒಬ್ಬ ಕ್ರೈಸ್ತ ಅವರಿಗೆ ವಾದ ಹೇಳುತ್ತಾನೆ: ನೀವು ದಿನವೂ ನಿಮ್ಮ ತಪ್ಪುಗಳ ಮೇಲೆ ಕೊರಗುತ್ತೀರಿ, ತಿದ್ದಿಕೊಳ್ಳಲು ಒದ್ದಾಡುತ್ತೀರಿ. ನಮಗೆ ಆ ಕಷ್ಟವಿಲ್ಲ. ಪಾಪ ತಪ್ಪಿದ್ದಲ್ಲ, ಆದರೆ ಅದನ್ನು ಯೇಸು ಹೊತ್ತಾಗಿದೆ. ಗಾಂಧೀಜಿ ಒಪ್ಪಲಿಲ್ಲ. ತನಗೆ ಬೇಕಾದದ್ದು ಪಾಪದ ಫಲದಿಂದ ಬಿಡುಗಡೆಯಲ್ಲ, ಪಾಪದಿಂದಲೇ ಬಿಡುಗಡೆ ಎಂದರು. ಆ ಮನುಷ್ಯ ತನ್ನ ಮಾತನ್ನು ಸಾಬೀತು ಮಾಡಲು ಬೇಕೆಂದೇ ತಪ್ಪು ಮಾಡಿ, ನೋಡಿ ನನಗೇನೂ ಅನ್ನಿಸುತ್ತಿಲ್ಲ ಎಂದು ತೋರಿಸಿದನಂತೆ.

ಈ ಪ್ರಸಂಗವನ್ನು ನಮ್ಮ ಮೇಲೆ ಎಸೆಯುವವರು ಮುಂದಿನ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಎಲ್ಲ ಕ್ರೈಸ್ತರೂ ಹೀಗೆ ನಂಬುವುದಿಲ್ಲ, ತನ್ನ ಸ್ನೇಹಿತ ಕೋಟ್ಸ್ ದೇವರಿಗೆ ಅಂಜಿ ನಡೆಯುವವನಾಗಿದ್ದ ಎಂದು ಗಾಂಧೀಜಿಯೇ ಅಲ್ಲಿ ಬರೆದಿದ್ದಾರೆ. ಪ್ಲಿಮತ್ ಸಹೋದರನ ಎದುರು ನಾನು ಗಾಂಧೀಜಿಯ ಪಕ್ಷ. ಅಷ್ಟೇ ಅಲ್ಲ, ಪೌಲನೂ ಗಾಂಧೀಜಿಯ ಪಕ್ಷ. ಕೃಪೆ ಹೆಚ್ಚಲೆಂದು ಪಾಪ ಮಾಡುತ್ತಲೇ ಇರೋಣವೇ ಎಂಬ ಪ್ರಶ್ನೆಯನ್ನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಅವನೇ ಎತ್ತುತ್ತಾನೆ, ಎಂದಿಗೂ ಬೇಡ ಎಂದು ಅವನೇ ಹೊಡೆದು ಹಾಕುತ್ತಾನೆ. ಶಿಲುಬೆಯಾಗಿ ಮೂವತ್ತು ವರ್ಷ ಕಳೆಯುವ ಮೊದಲೇ ಈ ಆಕ್ಷೇಪ ಹುಟ್ಟಿತ್ತು, ಉತ್ತರವೂ ಸಿಕ್ಕಿತ್ತು. ಗಾಂಧೀಜಿ ಬಯಸಿದ್ದೇನು, ಪಾಪದಿಂದಲೇ ಬಿಡುಗಡೆ. ಆ ಅಧ್ಯಾಯ ಹೇಳುವುದೂ ಅದನ್ನೇ. ಅದು ನಮ್ಮ ಕೈಯಿಂದ ಮಾತ್ರ ಆಗುತ್ತದೆಯೋ ಇಲ್ಲವೋ ಎಂಬಲ್ಲಿ ಅವರಿಗೂ ನಮಗೂ ಭೇದ. ಅದು ಸಣ್ಣ ಭೇದವಲ್ಲ. ಆದರೆ ‘ಸಸ್ತಾ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಇನ್ನೂ ನೆಲಕ್ಕಿಳಿದು ಹೇಳಬೇಕೆಂದರೆ ಯಾಜಕಕಾಂಡದ ಆರನೆಯ ಅಧ್ಯಾಯ ತೆಗೆಯಿರಿ. ನೆರೆಯವನ ಒಡವೆ ಲಪಟಾಯಿಸಿದವ, ಇಟ್ಟುಕೊಂಡ ಒತ್ತೆಯನ್ನು ಇಲ್ಲವೆಂದವ, ಸಿಕ್ಕಿದ್ದನ್ನು ಮುಚ್ಚಿಟ್ಟು ಸುಳ್ಳು ಪ್ರಮಾಣ ಮಾಡಿದವ ದೋಷಪರಿಹಾರದ ಬಲಿ ತರುವ ದಿನವೇ ಅಸಲನ್ನೂ, ಅದರ ಮೇಲೆ ಐದರಲ್ಲೊಂದು ಪಾಲನ್ನೂ ಸೇರಿಸಿ ಒಡೆಯನಿಗೆ ಕೊಡಬೇಕು. ನೂರಕ್ಕೆ ಇಪ್ಪತ್ತು! ಕೊಡದೆ ಟಗರು ಹೊಡಕೊಂಡು ಬಂದರೆ ಅದು ಬರೀ ಟಗರು. ಜಕ್ಕಾಯ ಯೇಸುವಿನ ಎದುರು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದಮೇಲೆಯೇ ಆ ಮನೆಗೆ ರಕ್ಷಣೆ ಬಂದ ಮಾತು ಬರುತ್ತದೆ. ತಮ್ಮನ ಹೊಲದ ಬಾಂದುಗಲ್ಲು ಒಂದು ಮಾರು ಆಚೆ ಸರಿಸಿ ಕಬ್ಬು ನಾಟಿಮಾಡಿದವ ಸಭೆಯಲ್ಲಿ ಎದ್ದು ಸಾಕ್ಷಿ ಹೇಳಿದರೆ, ನಾವು ‘ಹಲ್ಲೆಲೂಯಾ’ ಅನ್ನುವ ಬದಲು ‘ಕಲ್ಲು ಯಾವಾಗ ಹಿಂದಕ್ಕೆ ಇಡ್ತಿಯಪ್ಪಾ?’ ಅನ್ನಬೇಕಿತ್ತು. ಅನ್ನುವುದಿಲ್ಲ. ಆದ್ದರಿಂದ ಚಹಾದಂಗಡಿಯವರ ನಗೆಯಲ್ಲಿ ನಮ್ಮ ಪಾಲೂ ಇದೆ. ಆದರೆ ಅದು ನಮ್ಮ ನಡತೆಯ ಮೇಲಿನ ತೀರ್ಪು, ಬೋಧನೆಯ ಮೇಲಿನದ್ದಲ್ಲ. ಜರ್ಮನಿಯ ಪಾದ್ರಿ ಬೊನ್‌ಹೋಫರ್ 1937ರಲ್ಲೇ ಅಗ್ಗದ ಕೃಪೆಯೇ ಸಭೆಯ ಶತ್ರು ಎಂದು ಬರೆದ. 1945ರಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು. ಕೃಪೆಯನ್ನು ನಂಬಿದವನ ಬದುಕು ಅಗ್ಗವಾಗಿರಲಿಲ್ಲ.

ಎರಡನೆಯದು ಹಿರಿಯರ ಆಕ್ಷೇಪ, ನನಗೆ ಎಲ್ಲಕ್ಕಿಂತ ಗೌರವವಿರುವುದು ಇದರ ಮೇಲೆ. ‘ಮಾಡಿದ್ದುಣ್ಣೋ ಮಹಾರಾಯ ಅಂತಾರ. ಅವರವರ ಕರ್ಮ ಅವರವರ ಉಣಬೇಕು. ಒಬ್ಬರ ಪಾಪ ಇನ್ನೊಬ್ಬರು ಹ್ಯಾಂಗ ಹೊರತಾರ್ರಿ?’ ಇದು ಹಳ್ಳಿಯ ಮಾತಷ್ಟೇ ಅಲ್ಲ. ಟೇಲರ್ ಬೆಳಗಾವಿಗೆ ಬಂದ ಅದೇ 1820ರಲ್ಲಿ ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಪುಸ್ತಕ ಪ್ರಕಟಿಸಿದರು. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿದ. ನಿರ್ದೋಷಿಯನ್ನು ದೋಷಿಯ ಬದಲು ಶಿಕ್ಷಿಸುವುದು ನ್ಯಾಯವಾಗುವುದು ಹೇಗೆ ಎಂದು ರಾಯರು ಮೂರು ಮನವಿಗಳಲ್ಲಿ ಅವನನ್ನು ಕಟ್ಟಿಹಾಕಿದರು. ಅದಕ್ಕೂ ಮೊದಲು, 1793ರಲ್ಲಿ, ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಇದನ್ನೇ ಹೇಳಿದ್ದ: ಹಣದ ಸಾಲ ಒಬ್ಬನಿಂದ ಒಬ್ಬನಿಗೆ ವರ್ಗವಾಗಬಹುದು, ನೈತಿಕ ಅಪರಾಧ ವರ್ಗವಾಗದು. ಯಾಕೆ, ನಮ್ಮ ಸತ್ಯವೇದದಲ್ಲೇ ಯೆಹೆಜ್ಕೇಲನು ಅಪ್ಪನ ಪಾಪ ಮಗ ಹೊರುವುದಿಲ್ಲ ಎಂದು ಸಾರಿದ್ದಾನೆ.

ಹಾಗಾದರೆ? ನಮ್ಮ ಪ್ರಸಂಗಿಗಳು ಥಟ್ಟನೆ ಕೊಡುವ ಉತ್ತರ ಸೊಸೈಟಿ ಸಾಲದ ಜಾಮೀನು. ನೀನು ತೀರಿಸಲಿಲ್ಲ, ಜಾಮೀನುದಾರ ತೀರಿಸಿದ, ಲೆಕ್ಕ ಚುಕ್ತಾ. ಈ ಉದಾಹರಣೆ ಕುಂಟು. ಕಾಂಟ್ ಹೇಳಿದ ಹಾಗೆ ಅದು ಹಣಕ್ಕೆ ಸರಿ, ಕೊಲೆಗೆ ಸರಿಯಲ್ಲ. ಜಾಮೀನು ಬಿದ್ದು ಮನೆ ಕಳಕೊಂಡವರು ಪ್ರತಿ ಊರಲ್ಲೂ ಇದ್ದಾರೆ, ಅದನ್ನು ನ್ಯಾಯ ಅಂತ ಯಾರೂ ಕರೆದಿಲ್ಲ. ಸುವಾರ್ತೆ ಹೇಳುವುದು ಬೇರೆ. ಶಿಲುಬೆಯ ಮೇಲಿರುವವನು ಮಧ್ಯೆ ಸಿಕ್ಕಿಬಿದ್ದ ಮೂರನೆಯವನಲ್ಲ, ಸಾಲ ಕೊಟ್ಟವನೇ. ಕೊಟ್ಟವನು ಕಾಗದ ಹರಿದರೆ ಹಣ ಗಾಳಿಯಲ್ಲಿ ಕರಗುವುದಿಲ್ಲ, ಆ ನಷ್ಟ ಅವನ ಮನೆಗೇ ಕೂರುತ್ತದೆ. ಯಾವ ಕ್ಷಮೆಯೂ ಪುಕ್ಕಟೆ ಅಲ್ಲ, ಅದರ ಬೆಲೆಯನ್ನು ಕ್ಷಮಿಸಿದವನೇ ತೆರುತ್ತಾನೆ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನಗೆ ಸಮಾಧಾನಪಡಿಸಿಕೊಂಡ ಎಂದು ಪೌಲ ಕೊರಿಂಥದವರಿಗೆ ಬರೆದದ್ದು ಇದನ್ನೇ. ಮಾರ್ಷ್‌ಮನ್‌ನಂಥವರು ದೇವರನ್ನು ಒಂದು ಕಡೆ, ಕ್ರಿಸ್ತನನ್ನು ಇನ್ನೊಂದು ಕಡೆ ನಿಲ್ಲಿಸಿ ಮಾತಾಡಿದ್ದರಿಂದಲೇ ರಾಯರಿಗೆ ಸುಲಭವಾಗಿ ಸಿಕ್ಕರು ಎಂದು ನನ್ನ ಅಂದಾಜು.

ಹಿರಿಯರಿಗೆ ನನ್ನದೂ ಒಂದು ಪ್ರಶ್ನೆ ಇದೆ. ಮಾಡಿದವನೇ ಉಣ್ಣುತ್ತಾನೆ ಎಂಬುದು ನಮ್ಮ ಕಣ್ಣೆದುರು ಎಲ್ಲಿ ನಡೆದಿದೆ? ಗಂಡ ಕುಡಿದು ಮಾಡಿದ ಸಾಲಕ್ಕೆ ಹೆಂಡತಿ ಕಬ್ಬಿನ ಗ್ಯಾಂಗಿನಲ್ಲಿ ಕೊಯ್ತಕ್ಕೆ ಹೋಗುತ್ತಾಳೆ, ಮಗಳು ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಗುಡಿಸಲ ಮುಂದೆ ಕೂರುತ್ತಾಳೆ. ಅವನು ಮಾಡಿದ, ಅವರು ಉಂಡರು. ‘ಅದು ಅವರ ಹಿಂದಿನ ಜನ್ಮದ್ದು’ ಅಂದುಬಿಟ್ಟರೆ ಲೆಕ್ಕವೇನೋ ಸರಿಹೋಗುತ್ತದೆ, ಆದರೆ ಆ ಹುಡುಗಿಯ ಮೇಲೆ ಎರಡನೆಯ ಸಲ ಭಾರ ಹೇರಿದ ಹಾಗಾಗುತ್ತದೆ. ಪಾಪದ ಭಾರ ಯಾವಾಗಲೂ ಪಕ್ಕದವರ ಹೆಗಲಿಗೆ ಹೋಗುತ್ತದೆ, ಅದೂ ಬಲವಿಲ್ಲದವರ ಹೆಗಲಿಗೆ. ಶಿಲುಬೆಯಲ್ಲಿ ಹೊಸದೇನೆಂದರೆ ಈ ಸಲ ಬಲವುಳ್ಳವನು ತಾನಾಗಿ ಹೆಗಲು ಕೊಟ್ಟ.

ಮೂರನೆಯ ಆಕ್ಷೇಪ ರಕ್ತದ್ದು. ವಿಚಾರವಾದಿಗಳೂ ಬಸವತತ್ತ್ವದವರೂ ಇಲ್ಲಿ ಒಂದಾಗುತ್ತಾರೆ: ಪ್ರಾಣಿಬಲಿ ಬೇಡ ಎಂದು ಶತಮಾನಗಳಿಂದ ಹೇಳುತ್ತ ಬಂದ ನಾಡಿಗೆ ನೀವು ನರಬಲಿಯ ದೇವರನ್ನು ತಂದಿರಲ್ಲ? ಮಗನ ರಕ್ತ ಹರಿಯದೆ ಸಿಟ್ಟು ಇಳಿಯದ ತಂದೆ ಎಂಥ ತಂದೆ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ಪುಸ್ತಕಕ್ಕಿಂತ ಮೊದಲು ನೆನಪಾಗುವುದು ನಮ್ಮ ಓಣಿಗಳಿಗೆ ಬರುವ ದುರಗಮುರಗಿಯವರು. ಹೆಂಗಸಿನ ತಲೆಯ ಮೇಲೆ ಮುರಗವ್ವನ ಪೆಟ್ಟಿಗೆ, ಕೈಯಲ್ಲಿ ಉರುಮೆ. ಕೋಲಿನಿಂದ ಚರ್ಮವನ್ನು ಉಜ್ಜಿದಾಗ ಹೊರಡುವ ಆ ಗುಂಯ್‌ಗುಡುವ ನಾದಕ್ಕೆ ನಾಯಿಗಳು ಬೊಗಳಲು ಶುರುಮಾಡುತ್ತವೆ. ಗಂಡಸು ಬರಿಮೈ, ಕಾಲಿಗೆ ಗೆಜ್ಜೆ, ಹಣೆ ತುಂಬ ಕುಂಕುಮ, ಬಿಚ್ಚಿದ ಕೂದಲು. ಬಾರಕೋಲನ್ನು ಗಾಳಿಯಲ್ಲಿ ಒಮ್ಮೆ ತಿರುವಿ ಛಟೀರ್ ಎಂದು ತನ್ನ ಮೈಗೇ ಬಾರಿಸಿಕೊಳ್ಳುತ್ತಾನೆ. ಬಾಗಿಲಲ್ಲಿ ನಿಂತ ಗೃಹಿಣಿ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ. ಮನೆಯವರ ಪೀಡೆ ಹೋಯಿತು, ಅವನ ಬೆನ್ನ ಮೇಲೆ ಬರೆ ಉಳಿಯಿತು. ‘ನಿಮ್ಮ ಯೇಸುವೂ ಇಷ್ಟೇ ಅಲ್ಲವೇ’ ಎಂದು ಕೇಳುವವರಿದ್ದಾರೆ.

ಹೋಲಿಕೆ ಬಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಮಂದಿಯ ನೋವನ್ನು ಯಾರೋ ಒಬ್ಬರು ಮೈಮೇಲೆ ತೆಗೆದುಕೊಳ್ಳಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಆಳವಾಗಿದೆ, ಅದನ್ನು ಮೂಢನಂಬಿಕೆ ಎಂದು ಒದ್ದು ಹಾಕಲು ನಾನು ತಯಾರಿಲ್ಲ. ಆದರೆ ಯಾರ ಬೆನ್ನು ಎಂಬುದನ್ನು ನೋಡಿ. ಪೆಟ್ಟು ತಿನ್ನುವವನು ಅಲೆಮಾರಿ, ಬಡವ, ಊರಲ್ಲಿ ಒಂದು ಗೇಣು ನೆಲವಿಲ್ಲದವ. ನೋಡಿ ನೆಮ್ಮದಿ ಪಡೆಯುವವರು ಮನೆ ಇದ್ದವರು. ಮುನಿದ ದೇವತೆ ಮೇಲೆ, ಮೈಯೊಡ್ಡುವ ಮನುಷ್ಯ ಕೆಳಗೆ. ಶಿಲುಬೆ ಈ ಏಣಿಯನ್ನು ತಲೆಕೆಳಗು ಮಾಡುತ್ತದೆ. ಬಾರಕೋಲು ಬೀಳುವುದು ದೇವರ ಮೇಲೆ, ಬೀಸುವ ಕೈ ಮನುಷ್ಯರದ್ದು. ರಕ್ತ ಕೇಳಿದವರು ಪಿಲಾತನ ಅಂಗಳದಲ್ಲಿ ಸೇರಿದ್ದ ಜನ. ಇದನ್ನು ನಿಜವಾಗಿ ನಂಬಿದವನು ಇನ್ನೊಬ್ಬರ ಬೆನ್ನು ನೋಡಿ ನೆಮ್ಮದಿ ಪಡೆಯಲಾರ.

ಸಿಟ್ಟಿನ ತಂದೆಯ ಚಿತ್ರ ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಮಾತು. 325ರ ನಿಕೇಯ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳು ಕ್ರಿಸ್ತ ನಮಗಾಗಿ ಬಂದು ಯಾತನೆಪಟ್ಟ ಎಂದಷ್ಟೇ ಹೇಳಿ ಸುಮ್ಮನಾದವು. ಹೇಗೆ ಎಂಬ ವಿವರಣೆಯನ್ನು ಯಾವ ಮಹಾಸಭೆಯೂ ಕಡ್ಡಾಯ ಮಾಡಲಿಲ್ಲ. 1098ರ ಸುಮಾರಿಗೆ ಅನ್ಸೆಲ್ಮ್ ತನ್ನ ಕಾಲದ ದೊರೆ-ಸಾಮಂತರ ಮರ್ಯಾದೆಯ ಲೆಕ್ಕದಲ್ಲಿ ವಿವರಿಸಿದ. ಅಬೆಲಾರ್ಡ್ ಅದು ಪ್ರೀತಿಯ ದರ್ಶನ ಎಂದ. ಸ್ವೀಡನ್ನಿನ ಔಲೆನ್ 1930ರ ಹೊತ್ತಿಗೆ ಅದು ಪಾಪ ಮತ್ತು ಮರಣದ ಮೇಲೆ ಕ್ರಿಸ್ತನ ಜಯ, ಮೊದಲ ಸಭೆಗಳು ತಿಳಿದದ್ದೇ ಹಾಗೆ ಎಂದು ತೋರಿಸಿದ. ಒಂದು ವಿವರಣೆಯ ಅತಿರೇಕವನ್ನು ಹಿಡಿದು ಇಡೀ ಬೋಧನೆಯನ್ನು ಗಲ್ಲಿಗೇರಿಸುವುದು ವಾದದ ಮರ್ಯಾದೆಯಲ್ಲ.

ಇದು ಪರದೇಶದ ಸರಕು ಎಂಬ ನಾಲ್ಕನೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ನಿಘಂಟಿನ ಕಿಟೆಲ್ 1862ರಲ್ಲೇ ‘ಕಥಾಮಾಲೆ’ ಬರೆದು ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದ. ಯಜ್ಞದ ವಿಚಾರವನ್ನೇ ಎತ್ತಿಕೊಂಡು ‘ಯಜ್ಞಸುಧಾನಿಧಿ’ ಬರೆದ. ನಮ್ಮದೇ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಪಾದ್ರಿಗಳು ವಿರಕ್ತಮಠದ ರೀತಿಯಲ್ಲಿ ಬಾಳಿ ತೋರಿಸಿದರು. ಇನ್ನು, ಆಮಿಷದ ಆರೋಪ. 2021ರ ಡಿಸೆಂಬರಿನಲ್ಲಿ ಮತಾಂತರ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು ಬೆಳಗಾವಿಯ ಸುವರ್ಣಸೌಧದಲ್ಲೇ. ನನ್ನ ಪಾಪವನ್ನು ನಾನು ಒಪ್ಪಿಕೊಳ್ಳಬೇಕು, ಕದ್ದದ್ದನ್ನು ಕೊಡಬೇಕು, ಎದುರಾಳಿಯನ್ನು ಪ್ರೀತಿಸಬೇಕು ಎಂಬುದು ಆಮಿಷವಾದರೆ ಆ ಆಮಿಷಕ್ಕೆ ಬೀಳುವವರನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಈಗ ಒಳಗಿನವರ ಮಾತು.

ಶುಕ್ರವಾರ ಸಂಜೆಯ ಪ್ರಾರ್ಥನಾಕೂಟ. ತಗಡಿನ ಶೆಡ್ಡು, ನೆಲಕ್ಕೆ ಜಮಖಾನೆ, ಕೀಬೋರ್ಡು, ಎಕೋ ಹಾಕಿದ ಮೈಕು. ಮುಂದಿನ ಸಾಲಿನಲ್ಲಿ ಹೆಂಗಸರು, ಅವರ ಎದುರು ಮುಚ್ಚಳ ತೆರೆದಿಟ್ಟ ಕೊಬ್ಬರಿ ಎಣ್ಣೆಯ ಬಾಟಲಿಗಳು. ಪ್ರಾರ್ಥನೆಯ ಎಣ್ಣೆ ಮನೆಗೆ ಒಯ್ಯಬೇಕು. ಒಬ್ಬಾಕೆಯ ಸೆರಗಿನ ಗಂಟಿನಲ್ಲಿ ಸರ್ಕಾರಿ ಆಸ್ಪತ್ರೆಯ ಎಆರ್‌ಟಿ ಮಾತ್ರೆಗಳಿವೆ. ಎಚ್‌ಐವಿ ಅವಳಿಗೆ ಗಂಡನಿಂದ ಬಂದದ್ದು. ಗಂಡ ಸತ್ತಿದ್ದಾನೆ. ಮೈಕಿನವರು ಕೇಳುತ್ತಾರೆ: ‘ಅವನ ಬಾಸುಂಡೆಗಳಿಂದ ನಮಗೆ ಗುಣವಾಗೇತಿ ಅಂತ ವಾಕ್ಯ ಹೇಳ್ತೈತಿ. ನಿನಗ ಯಾಕ ಆಗಿಲ್ಲ ತಂಗಿ? ಒಳಗ ಏನರ ಮುಚ್ಚಿಟ್ಟಿಯೇನು? ವಿಶ್ವಾಸ ಇದ್ರ ಗುಳಿಗಿ ಯಾಕ?’

ಇವರು ತಮ್ಮನ್ನು ಪ್ರಾಯಶ್ಚಿತ್ತದ ವೈರಿಗಳು ಎಂದುಕೊಂಡಿಲ್ಲ, ಅದರ ಪ್ರಬಲ ಬೋಧಕರು ಎಂದುಕೊಂಡಿದ್ದಾರೆ. ಅವರ ವಾದ ಸರಳ: ಕ್ರಿಸ್ತ ಪಾಪವನ್ನು ಹೊತ್ತ, ರೋಗವನ್ನೂ ಹೊತ್ತ, ಆದ್ದರಿಂದ ರೋಗ ಉಳಿದಿದ್ದರೆ ಪಾಪ ಉಳಿದಿದೆ ಅಥವಾ ವಿಶ್ವಾಸ ಸಾಲದು. ಅವರ ಆಧಾರಗಳನ್ನೇ ನೋಡೋಣ.

ಯೆಶಾಯನ ಐವತ್ತಮೂರನೆಯ ಅಧ್ಯಾಯವನ್ನು ಮತ್ತಾಯನು ಯೇಸು ರೋಗಿಗಳನ್ನು ವಾಸಿಮಾಡಿದ ಸಂದರ್ಭಕ್ಕೆ ಅನ್ವಯಿಸಿದ್ದಾನೆ, ಇದು ನಿಜ. ದೇವರು ವಾಸಿಮಾಡುವುದಿಲ್ಲ ಎಂದು ನಾನೂ ಹೇಳುವುದಿಲ್ಲ. ಆದರೆ ಬಾಸುಂಡೆಯ ಮಾತನ್ನು ಎತ್ತಿದವನು ಪೇತ್ರ, ಅದೂ ಯಾರಿಗೆ? ಅವನ ಮೊದಲ ಪತ್ರದ ಎರಡನೆಯ ಅಧ್ಯಾಯದಲ್ಲಿ, ವಕ್ರಬುದ್ಧಿಯ ಯಜಮಾನರ ಕೈಯಲ್ಲಿ ತಪ್ಪಿಲ್ಲದೆ ಹೊಡೆತ ತಿನ್ನುತ್ತಿದ್ದ ಮನೆಯಾಳುಗಳಿಗೆ. ನಿಮಗೆ ಗುಣವಾಯಿತು ಎಂದು ಅವನು ಬರೆಯುವಾಗ ಓದುವವರ ಬೆನ್ನ ಮೇಲಿನ ಗಾಯ ಹಸಿಯಾಗಿಯೇ ಇತ್ತು. ಗುಣವಾಗಲಿಲ್ಲವೆಂದರೆ ನಿಮ್ಮಲ್ಲೇ ದೋಷ ಎಂದು ಅವನು ಬರೆಯಲಿಲ್ಲ. ಪೌಲ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಅವನು ಎಣ್ಣೆ ಕಳಿಸಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಮದ್ದು ಹೇಳಿದ. ಅವನ ಜತೆಗಾರ ಲೂಕ ವೈದ್ಯ. ವಿಶ್ವಾಸಕ್ಕೂ ಗುಳಿಗೆಗೂ ಜಗಳ ಹಚ್ಚಿದವರು ಅಪೊಸ್ತಲರಲ್ಲ.

ಇನ್ನೊಂದು ಆಧಾರ, ಮೂವತ್ತೆಂಟು ವರ್ಷ ಬಿದ್ದಿದ್ದ ರೋಗಿಗೆ ಇನ್ನು ಪಾಪ ಮಾಡಬೇಡ ಎಂದು ಯೇಸು ಹೇಳಿದ್ದು. ಹೇಳಿದ್ದು ಹೌದು. ವಾಸಿ ಮಾಡಿದ ಮೇಲೆ ಹೇಳಿದ್ದು, ವಾಸಿಯಾಗಲು ಷರತ್ತಾಗಿ ಅಲ್ಲ. ಅದ್ಯಾಕೆ, ಅದೇ ಯೋಹಾನನ ಒಂಬತ್ತನೆಯ ಅಧ್ಯಾಯ ಓದುವಷ್ಟರಲ್ಲಿ ಇವರ ಕನ್ನಡಕ ಕಳೆದುಹೋಗುತ್ತದೆಯೇ? ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಕೇಳುತ್ತಾರೆ, ಪಾಪ ಯಾರದು, ಇವನದೋ ಇವನ ತಂದೆತಾಯಿಯದೋ? ಇಬ್ಬರದ್ದೂ ಅಲ್ಲ ಎನ್ನುತ್ತಾನೆ ಯೇಸು. ಯೋಬನ ಗೆಳೆಯರು ಅಧ್ಯಾಯಗಟ್ಟಲೆ ಇದೇ ಮೈಕು ಹಿಡಿದು ಕೂಗಿದರು, ಕಡೆಗೆ ದೇವರು ತರಾಟೆಗೆ ತೆಗೆದುಕೊಂಡದ್ದು ಆ ಗೆಳೆಯರನ್ನು.

2019ರ ಆಗಸ್ಟ್ ನಮ್ಮ ಸೀಮೆ ಮರೆಯುವಂಥದ್ದಲ್ಲ. 51 ಟಿಎಂಸಿಯ ಹಿಡಕಲ್ ಜಲಾಶಯ ತುಂಬಿತು, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಸೇರಿ ಘಟಪ್ರಭೆ ಉಕ್ಕಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಲ್ಲಿ ಮಂದಿ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಅಕ್ಟೋಬರಿನಲ್ಲಿ ಮತ್ತೆ ಮಳೆ, ಗುಡ್ಡದ ಮೇಲಿನ ಭಾರೀ ಬಂಡೆಗಳು ಸಡಿಲಗೊಂಡು ಕೆಳಗಿನ ಮನೆಯವರು ಜೀವ ಕೈಯಲ್ಲಿ ಹಿಡಿದರು. ಆಗಲೂ ‘ಪಾಪ ತುಂಬಿತ್ರಿ, ಅದಕ್ಕ’ ಎಂಬ ಮಾತು ಗುಡಿಯಲ್ಲೂ ಕೇಳಿತು, ಸಭೆಯಲ್ಲೂ ಕೇಳಿತು. ಯೇಸುವಿನ ಕಾಲದಲ್ಲಿ ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೋ ಎಂದು ಅವನೇ ಕೇಳಿ, ಅಲ್ಲ ಎಂದ. ಮುಂದಿನ ವಾಕ್ಯವನ್ನು ನಾನು ಮುಚ್ಚಿಡುವುದಿಲ್ಲ: ನೀವು ತಿರುಗಿಕೊಳ್ಳದಿದ್ದರೆ ನಿಮ್ಮ ಗತಿಯೂ ಹೀಗೆಯೇ ಎಂದೂ ಹೇಳಿದ. ಆದರೆ ಆ ಎಚ್ಚರಿಕೆ ಹೋದದ್ದು ಯಾರ ಕಡೆಗೆ? ಕಲ್ಲಿನಡಿ ಸತ್ತವರ ಕಡೆಗಲ್ಲ, ಸುರಕ್ಷಿತವಾಗಿ ನಿಂತು ಅವರ ಪಾಪ ಎಣಿಸುತ್ತಿದ್ದವರ ಕಡೆಗೆ. ಮನೆ ಮುಳುಗಿದವಳಿಗೆ ಪಾಪದ ಪಾಠ ಹೇಳಬೇಡಿ. ನದಿದಂಡೆ ಒತ್ತಿದವನಿಗೆ, ಪರಿಹಾರದ ಪಟ್ಟಿಯಲ್ಲಿ ಸುಳ್ಳು ಹೆಸರು ಸೇರಿಸಿದವನಿಗೆ ಧಾರಾಳವಾಗಿ ಹೇಳಿ.

ಪ್ರಾಯಶ್ಚಿತ್ತದ ಬೋಧನೆಯನ್ನು ಬದುಕಿಗೆ ಅನ್ವಯಿಸುವುದೆಂದರೆ ನನ್ನ ಮಟ್ಟಿಗೆ ಇದೇ. ನನ್ನ ಪಾಪದ ವಿಚಾರದಲ್ಲಿ ಅದು ನನ್ನ ಮೇಲೆ ಬೆರಳು ತೋರಿಸುತ್ತದೆ, ಒಪ್ಪಿಕೋ, ತಿರುಗಿ ಕೊಡು, ನಿನ್ನನ್ನು ತಳ್ಳಿಬಿಡುವುದಿಲ್ಲ ಎನ್ನುತ್ತದೆ. ಇನ್ನೊಬ್ಬರ ನೋವಿನ ವಿಚಾರದಲ್ಲಿ ಬೆರಳು ಮಡಚಿಸಿ ಪಕ್ಕಕ್ಕೆ ಕೂರಿಸುತ್ತದೆ. ನೋವು ಯಾಕೆ ಬಂತು ಎಂಬುದಕ್ಕೆ ಶಿಲುಬೆಯ ಹತ್ತಿರ ಉತ್ತರವಿಲ್ಲ. ಕೈಬಿಟ್ಟೆ ಯಾಕೆ ಎಂದು ಅಲ್ಲಿದ್ದವನೇ ಕೂಗಿದ್ದಾನೆ.

ಕೊನೆಯ ಆಕ್ಷೇಪ ಹೋರಾಟಗಾರರದ್ದು. ನಮ್ಮ ಮೂರೂ ತಾಲ್ಲೂಕುಗಳ ಕೇರಿಗಳಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳಿದ್ದಾರೆ. 1934ರ ಮುಂಬೈ ಕಾಯ್ದೆ ಈ ಪದ್ಧತಿಯನ್ನು ನಿಷೇಧಿಸಿತ್ತು, 1982ರ ಕರ್ನಾಟಕ ಕಾಯ್ದೆ ಮತ್ತೆ ನಿಷೇಧಿಸಿತು. ಆದರೂ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದರು. ಹೋರಾಟಗಾರರು ಕೇಳುತ್ತಾರೆ: ಚಿಕ್ಕ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿದವರ, ಅವಳನ್ನು ಬಳಸಿ ಬಿಟ್ಟ ಗೌಡನ ಪಾಪವನ್ನು ಕ್ಷಮಿಸಲು ನಿಮ್ಮ ದೇವರು ಯಾರು? ಅವಳನ್ನು ಕೇಳಿದನೇ?

ಇದಕ್ಕೆ ಸುಲಭದ ಉತ್ತರ ಕೊಡುವ ಪಾದ್ರಿಯನ್ನು ನಾನು ನಂಬುವುದಿಲ್ಲ. ಅವಳಿಗೆ ‘ಕ್ಷಮಿಸಿಬಿಡು’ ಎಂದು ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. ಆದರೆ ಆಕ್ಷೇಪದಲ್ಲಿ ಒಂದು ತಪ್ಪು ಗ್ರಹಿಕೆಯಿದೆ, ದೇವರು ಮೇಲೆ ಕೂತ ಪಂಚ ಎಂದು. ಶಿಲುಬೆಯ ಮೇಲಿರುವವನು ಅನ್ಯಾಯದ ತೀರ್ಪಿಗೆ ಸಿಕ್ಕವನು, ಬತ್ತಲೆ ಮಾಡಿಸಿಕೊಂಡವನು, ಊರಬಾಗಿಲಿನ ಹೊರಗೆ ಸತ್ತವನು. ಇಬ್ರಿಯರಿಗೆ ಬರೆದ ಪತ್ರ ಈ ಹೊರಗೆ ಎಂಬುದನ್ನು ಒತ್ತಿ ಹೇಳುತ್ತದೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲರು ಮಾಡಿದ ಉಪನ್ಯಾಸದಿಂದ ಶುರುವಾದ ದಲಿತ ಕ್ರೈಸ್ತ ಚಿಂತನೆ ಈ ಗುರುತನ್ನೇ ಹಿಡಿದು ಬೆಳೆಯಿತು. ಗೌಡ ಕ್ಷಮೆ ಬೇಡುತ್ತ ಆ ಶಿಲುಬೆಯ ಹತ್ತಿರ ಬಂದರೆ ಅವನಿಗೆ ಎದುರಾಗುವ ಮುಖ ತಾನು ಹಾಳುಮಾಡಿದವಳ ಪಕ್ಷದವನದ್ದು. ಅವಳನ್ನು ದಾಟಿ ಹೋಗುವ ಅಡ್ಡದಾರಿ ಅಲ್ಲಿಲ್ಲ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ನೊಂದವರ ಜತೆ ಒಂದಾಗು ಎಂದು ಯೇಸು ಬೆಟ್ಟದ ಮೇಲೆ ಹೇಳಿದ ಕ್ರಮವೇ ಇದು. ಮಗುವಿಗೆ ಅಪ್ಪನ ಹೆಸರು, ಹೊಲದಲ್ಲಿ ಪಾಲು, ಬೇಕಾದರೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆ, ಇವೆಲ್ಲ ಆ ಕ್ರಮದೊಳಗೇ ಬರುತ್ತವೆ.

ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ ನಡೆಸುವ ‘ಮಾಸ್’ ಸಂಸ್ಥೆ ಇದೆ. ಅದನ್ನು ಮುನ್ನಡೆಸಿದ, ತಾವೂ ಮುತ್ತು ಕಟ್ಟಿಸಿಕೊಂಡಿದ್ದ ಸಿತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದು ಕ್ರೈಸ್ತ ಸಂಸ್ಥೆಯಲ್ಲ, ಅದರ ಕೆಲಸವನ್ನು ನಮ್ಮ ಖಾತೆಗೆ ಬರೆದುಕೊಳ್ಳುವ ಆಸೆಯೂ ನನಗಿಲ್ಲ. ಅಲ್ಲಿನ ಹೆಂಗಸರು ಒಬ್ಬರಿಗೊಬ್ಬರು ‘ಇದು ನಿನ್ನ ಪಾಪವಲ್ಲ’ ಎಂದು ಹೇಳಿಕೊಂಡೇ ಎದ್ದು ನಿಂತವರು. ಅದನ್ನು ನಮ್ಮ ಮೈಕಿನವರು ಮೊದಲು ಹೇಳಬೇಕಿತ್ತು.

ಆದ್ದರಿಂದ ಈ ಮೂರು ತಾಲ್ಲೂಕುಗಳ ಸಭಾಪಾಲಕರಲ್ಲಿ, ಕೂಟ ನಡೆಸುವ ಅಣ್ಣಂದಿರಲ್ಲಿ ನನ್ನ ವಿನಂತಿ. ಬರುವ ಶುಕ್ರವಾರದಿಂದಲೇ ರೋಗಿಗಳನ್ನು ಮೈಕಿನ ಮುಂದೆ ನಿಲ್ಲಿಸಿ ಪಾಪ ಕೇಳುವುದನ್ನು ನಿಲ್ಲಿಸಿರಿ. ಗುಳಿಗೆ ಬಿಡು ಎಂದು ಯಾರಿಗಾದರೂ ಹೇಳಿದ್ದರೆ ಇವತ್ತೇ ಅವರ ಮನೆಗೆ ಹೋಗಿ, ತಪ್ಪಾಯಿತು, ತಗೊಳ್ಳವ್ವ ಎಂದು ಹೇಳಿ, ಆಸ್ಪತ್ರೆಗೆ ಜತೆಗೆ ಹೋಗಿರಿ. ಸಾಕ್ಷಿ ಹೇಳಲು ಎದ್ದವನಿಗೆ, ಯಾರಿಗೆ ಏನು ಕೊಡುವುದಿದೆ ಎಂದು ಮೊದಲು ಕೇಳಿರಿ.